ಹಣಕಾಸು ಪ್ರಶ್ನೋತ್ತರ: ಬಯೋಟೆಕ್ ಷೇರು ಕೊಳ್ಳುವ ಮುನ್ನ

ಪ್ರಶ್ನೆ: ಒಂದೇ ಔಷಧಿಯನ್ನು ನಂಬಿಕೊಂಡ ಸಣ್ಣ ಬಯೋಟೆಕ್ ಕಂಪನಿ. ಎರಡನೇ ಹಂತದ ಪ್ರಯೋಗ ನಡೆಯುತ್ತಿದೆ. ಮಾರಾಟವೂ ಇಲ್ಲ, ಲಾಭವೂ ಇಲ್ಲ. ಏನು ನೋಡಿ ತೀರ್ಮಾನಿಸಲಿ?

ಉತ್ತರ: ಔಷಧಿಯ ಕಥೆ ಆಮೇಲೆ, ಮೊದಲು ಗಲ್ಲಾಪೆಟ್ಟಿಗೆ ನೋಡಿ. ಇತ್ತೀಚಿನ ತ್ರೈಮಾಸಿಕ ವರದಿಯಲ್ಲಿರುವ ನಗದು ಮತ್ತು ಅಲ್ಪಾವಧಿ ಹೂಡಿಕೆಯನ್ನು ಕೂಡಿಸಿ, ಮೂರು ತಿಂಗಳಲ್ಲಿ ಕಾರ್ಯಾಚರಣೆಗೆ ಹೋದ ನಗದಿನಿಂದ ಭಾಗಿಸಿ. (ಕೆಲವು ವರದಿಗಳಲ್ಲಿ ಈ ಖರ್ಚು ವರ್ಷಾರಂಭದಿಂದ ಒಟ್ಟಾಗಿ ಬಂದಿರುತ್ತದೆ. ಹಲವರು ಎಡವುವುದು ಇಲ್ಲೇ.) ಕೈಯಲ್ಲಿ 6 ಕೋಟಿ ಡಾಲರ್, ಮೂರು ತಿಂಗಳ ಖರ್ಚು 1.5 ಕೋಟಿ ಎಂದರೆ ದುಡ್ಡು ಒಂದು ವರ್ಷಕ್ಕೆ ಸಾಕು. ಪ್ರಯೋಗದ ಫಲಿತಾಂಶಕ್ಕೆ ಇನ್ನೂ 18 ತಿಂಗಳಿದ್ದರೆ, ಅಷ್ಟರೊಳಗೆ ಹೊಸ ಷೇರು ಮಾರುವುದು ಬಹುತೇಕ ಖಚಿತ, ಅದೂ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ. 4 ಕೋಟಿ ಷೇರು 6 ಕೋಟಿಯಾದರೆ ನಿಮ್ಮ ಪಾಲಿನಲ್ಲಿ ಮೂರನೇ ಒಂದು ಭಾಗ ಕರಗಿತು, ಔಷಧಿ ಗೆದ್ದರೂ ಸೋತರೂ. ವಾರಂಟುಗಳಿದ್ದರೆ (ಮುಂದೆ ನಿಗದಿತ ಬೆಲೆಗೆ ಹೊಸ ಷೇರು ಕೊಳ್ಳುವ ಹಕ್ಕುಪತ್ರಗಳು) ಅವನ್ನೂ ಎಣಿಕೆಗೆ ಸೇರಿಸಿ.

ಇನ್ನು ಪ್ರಯೋಗ. ಮೊದಲ ಹಂತ ಮುಖ್ಯವಾಗಿ ಸುರಕ್ಷತೆಯನ್ನು ನೋಡುತ್ತದೆ. ಔಷಧಿ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ನಿಜವಾಗಿ ಎದುರಾಗುವುದು ಎರಡನೆಯದರಲ್ಲಿ, ಅತಿ ಹೆಚ್ಚು ಔಷಧಿಗಳು ಮುಗ್ಗರಿಸುವುದೂ ಅಲ್ಲೇ. ಮೊದಲ ಹಂತಕ್ಕೆ ಕಾಲಿಟ್ಟವುಗಳಲ್ಲಿ ಅನುಮೋದನೆವರೆಗೆ ಮುಟ್ಟುವುದು ಸುಮಾರು ಹತ್ತರಲ್ಲಿ ಒಂದು. ಪ್ರಯೋಗ ನೋಂದಣಿಯಲ್ಲಿ ಕಂಪನಿ ಮೊದಲೇ ಘೋಷಿಸಿದ ಪ್ರಾಥಮಿಕ ಗುರಿ ಯಾವುದೆಂದು ಬರೆದಿಟ್ಟುಕೊಳ್ಳಿ. ಫಲಿತಾಂಶದ ಪ್ರಕಟಣೆ ಅದನ್ನು ಬಿಟ್ಟು 'ಒಂದು ಉಪಗುಂಪಿನಲ್ಲಿ ಆಶಾದಾಯಕ ಬೆಳವಣಿಗೆ' ಎಂದು ಶುರುವಾದರೆ, ಮುಖ್ಯ ಗುರಿ ತಪ್ಪಿದೆ ಎಂದೇ ಅನುಮಾನಿಸಿ. ಕೆಲಸಕ್ಕೇ ಬಾರದ ಔಷಧಿಯನ್ನೂ 20 ಉಪಗುಂಪುಗಳಲ್ಲಿ ಜಾಲಾಡಿದರೆ, ಸರಾಸರಿ ಒಂದರಲ್ಲಿ ಬರೀ ಆಕಸ್ಮಿಕವಾಗಿ ಪಿ-ಮೌಲ್ಯ 0.05ಕ್ಕಿಂತ ಕೆಳಗಿಳಿಯುತ್ತದೆ, ಅಂದರೆ ಔಷಧಿ ಕೆಲಸ ಮಾಡಿದಂತೆ ಅಂಕಿಅಂಶದಲ್ಲಿ ಕಾಣುತ್ತದೆ.

ಇಷ್ಟಾದರೂ ಜನ ಯಾಕೆ ಕೊಳ್ಳುತ್ತಾರೆ? 2011ರಲ್ಲಿ ಗಿಲಿಯಡ್ ಎಂಬ ಔಷಧಿ ಕಂಪನಿಯು ಫಾರ್ಮಾಸೆಟ್ ಎಂಬ ಬಯೋಟೆಕ್ ಕಂಪನಿಯನ್ನು ಸುಮಾರು 1,100 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಷೇರಿಗೆ 137 ಡಾಲರ್, ಅಂದರೆ ಹಿಂದಿನ ಬೆಲೆಗಿಂತ 89% ಹೆಚ್ಚು. ಆಗಿನ್ನೂ ಪ್ರಯೋಗದಲ್ಲಿದ್ದ ಅದರ ಹೆಪಟೈಟಿಸ್-ಸಿ ಔಷಧಿ ಸೊಫೊಸ್ಬುವಿರ್ ಅಮೆರಿಕದಲ್ಲಿ ಅನುಮೋದನೆ ಪಡೆದದ್ದು 2013ರಲ್ಲಿ. ಇಂಥದ್ದು ಅಪರೂಪ.

ಪ್ರಶ್ನೆ: ಸ್ಟಾಪ್‌ಲಾಸ್ (ಬೆಲೆ ಇಂತಿಷ್ಟಕ್ಕೆ ಇಳಿದರೆ ತಾನಾಗಿ ಮಾರುವ ಆದೇಶ) ಹಾಕಿಟ್ಟರೆ ನಷ್ಟ ತಡೆಯಬಹುದಲ್ಲವೇ?

ಉತ್ತರ: ಇಲ್ಲಿ ಅದನ್ನು ನೆಚ್ಚಬೇಡಿ. ಫಲಿತಾಂಶ ಹೆಚ್ಚಾಗಿ ಹೊರಬೀಳುವುದು ಮಾರುಕಟ್ಟೆ ಮುಚ್ಚಿರುವಾಗ. 10 ಡಾಲರಿನ ಷೇರಿಗೆ 8ರಲ್ಲಿ ಸ್ಟಾಪ್‌ಲಾಸ್ ಹಾಕಿದ್ದೀರಿ, ಬೆಳಿಗ್ಗೆ ವಹಿವಾಟು 3ರಲ್ಲಿ ತೆರೆಯಿತು: ನಿಮ್ಮದು ಮಾರಾಟವಾಗುವುದು 3ರ ಆಸುಪಾಸಿನಲ್ಲಿ. 8ಕ್ಕಿಂತ ಕೆಳಗೆ ಬೇಡವೆಂದು ಮಿತಿ ಹಾಕಿದ್ದರೆ ಮಾರಾಟವೇ ಆಗದು. ಕಡಿವಾಣವಿರುವುದು ಕೊಳ್ಳುವ ಮೊತ್ತಕ್ಕೆ ಮಾತ್ರ. ಒಟ್ಟು ಹೂಡಿಕೆಯ 2% ಹಾಕಿದವರಿಗೆ ಷೇರು 80% ಕುಸಿದರೂ ಹೋಗುವುದು 1.6%. ಇನ್ನೊಂದು ಮಾತು: ಒಳ್ಳೆಯ ಫಲಿತಾಂಶದ ಬೆನ್ನಿಗೇ ಷೇರು ಕೆಳಗಿಳಿದರೆ ಗಾಬರಿಯಾಗಬೇಡಿ. ಬೆಲೆ ಏರಿದಾಗಲೇ ಕಂಪನಿ ಹೊಸ ಷೇರು ಮಾರಾಟಕ್ಕಿಟ್ಟಿದೆಯೇ ಎಂದು ಮೊದಲು ನೋಡಿ.