ಬ್ರಿಟನ್‌ನಲ್ಲಿ ಬೀದಿ ತಿಂಡಿ ಇಷ್ಟು ಬೆಳೆದದ್ದು ಯಾಕೆ? ಮುಂದೆ ಏನಾಗಬಹುದು?

ಮುಖ್ಯ ಕಾರಣ ದುಡ್ಡು. ಲಂಡನ್‌ನಲ್ಲಿ ಹೋಟೆಲ್ ತೆರೆಯಲು ಬಾಡಿಗೆ, ಮುಂಗಡ, ಒಳಾಂಗಣ ಅಂತ ದೊಡ್ಡ ಬಂಡವಾಳ ಬೇಕು. ಗಾಡಿಗೆ ಅದರಲ್ಲಿ ಸಣ್ಣ ಪಾಲು ಸಾಕು. 2008ರ ಆರ್ಥಿಕ ಕುಸಿತದ ನಂತರ ಈ ವ್ಯತ್ಯಾಸವೇ ಎಷ್ಟೋ ಹೊಸ ಅಡುಗೆಯವರನ್ನು ಬೀದಿಗೆ ತಂದಿತು. ತಿನ್ನುವವರ ಕೈಯಲ್ಲೂ ದುಡ್ಡು ಕಡಿಮೆ ಇತ್ತು, ಆದರೆ ಒಳ್ಳೆಯ ರುಚಿ ಬೇಕಿತ್ತು.

ಹಾಗಾಗಿ ಗಾಡಿ ಒಂದು ಪರೀಕ್ಷೆಯ ಜಾಗವಾಯಿತು. ಒಂದೇ ತಿಂಡಿ ಮಾಡು, ಜನ ಮತ್ತೆ ಬರುತ್ತಾರಾ ನೋಡು, ಆಮೇಲೆ ಹೋಟೆಲ್ ತೆರೆ. ಪಿಜ್ಜಾ ಪಿಲ್ಗ್ರಿಮ್ಸ್ ಇದಕ್ಕೆ ಚೆಂದದ ಉದಾಹರಣೆ. ಇಬ್ಬರು ಅಣ್ಣತಮ್ಮಂದಿರು ನಮ್ಮ ಲಗೇಜ್ ಆಟೋ ತರಹದ ಮೂರು ಚಕ್ರದ ಗಾಡಿಯನ್ನು ಇಟಲಿಯಿಂದ ಲಂಡನ್ ತನಕ ಓಡಿಸಿಕೊಂಡು ಬಂದರು. 2012ರಲ್ಲಿ ಸೋಹೋದ ಬರ್ವಿಕ್ ಸ್ಟ್ರೀಟ್ ಸಂತೆಯಲ್ಲಿ ಪಿಜ್ಜಾ ಮಾರಿದರು. ಮರುವರ್ಷವೇ ಸ್ವಂತ ಹೋಟೆಲ್ ತೆರೆದರು. ತೈವಾನ್ ಬನ್ ಮಾರುವ ಬಾವೋ ಕೂಡ ಅಂಗಡಿಗಾಡಿಯಿಂದಲೇ ಮೇಲೆ ಬಂದದ್ದು.

ಅಂದಹಾಗೆ, ಬೀದಿಯಲ್ಲಿ ತಿನ್ನುವುದು ಅಲ್ಲಿ ಹೊಸತಲ್ಲ. ವಿಕ್ಟೋರಿಯಾ ಕಾಲದ ಲಂಡನ್ ಬೀದಿಗಳಲ್ಲಿ ಸಿಂಪಿ, ಹಾವುಮೀನು, ಬಿಸಿ ಆಲೂಗಡ್ಡೆ ಧಾರಾಳವಾಗಿ ಸಿಗುತ್ತಿದ್ದವು.

ಮುಂದಿನ ದಾರಿ ಸೂರಿನ ಕೆಳಗೆ ಅಂತ ನನಗನ್ನಿಸುತ್ತದೆ. ಅಲ್ಲಿನ ಮಳೆ, ಚಳಿಯಲ್ಲಿ ವರ್ಷವಿಡೀ ಹೊರಗೆ ನಿಂತು ಮಾರುವುದು ಕಷ್ಟ ಅಲ್ವಾ? ಮ್ಯಾಂಚೆಸ್ಟರ್‌ನಲ್ಲಿ ಹಳೆಯ ಮಾಂಸದ ಮಾರುಕಟ್ಟೆ ಮ್ಯಾಕಿ ಮೇಯರ್ 2017ರಲ್ಲಿ ಊಟದ ಹಾಲ್ ಆಯಿತು, ಅಂದರೆ ಒಂದೇ ಸೂರಿನ ಕೆಳಗೆ ಹಲವು ತಿಂಡಿ ಅಂಗಡಿಗಳಿರುವ ಜಾಗ. ಲಂಡನ್‌ನಲ್ಲಿ 2019ರಲ್ಲಿ ಸೆವೆನ್ ಡಯಲ್ಸ್ ಮಾರ್ಕೆಟ್ ಅನ್ನೋ ಇಂಥದೇ ಹಾಲ್ ಬಂತು. ಆದರೆ ಹಾಲ್ ಅಂದರೆ ಮತ್ತೆ ಬಾಡಿಗೆ. ಅದು ಜಾಸ್ತಿಯಾದರೆ ಹೊಸಬರಿಗೆ ಬಾಗಿಲು ಮುಚ್ಚುತ್ತದೆ, ನನ್ನ ಚಿಂತೆ ಅದೇ.