ಬಲಿದಾನವಾದ ಮೇಲಿನ ಪುಟಗಳು

ಓದುಗರೊಬ್ಬರ ಪತ್ರ: "5 ಸಂಪುಟಗಳ ಕರಾಳ ಫ್ಯಾಂಟಸಿ ಸರಣಿಯನ್ನು ಮೊನ್ನೆ ಮುಗಿಸಿದೆ. ಪ್ರೀತಿಸಿದವನನ್ನು ಉಳಿಸಲು ನಾಯಕಿ ಪ್ರಾಣ ಕೊಡುವ ಅಧ್ಯಾಯ ಓದಿ ಅತ್ತುಬಿಟ್ಟೆ. ಆಮೇಲೂ 80 ಪುಟ ಯಾಕೆ ಬೇಕಿತ್ತು? ಸುಮ್ಮನೆ ತಿರುವಿಹಾಕಿ ಮುಗಿಸಿದೆ."

ಸಂಪಾದಕರ ಉತ್ತರ:

ನಿಮ್ಮ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಉಳಿದವರಿಗೆಲ್ಲ ಮದುವೆ ಮಾಡಿಸಿ, ಮಕ್ಕಳಿಗೆ ಸತ್ತವರ ಹೆಸರಿಟ್ಟು ಕೈತೊಳೆದುಕೊಳ್ಳುವ ಉಪಸಂಹಾರಗಳು ಬೇಕಾದಷ್ಟಿವೆ. ಆದರೂ ಅಷ್ಟು ಮನಸ್ಸಿಟ್ಟು ಓದಿದ ನೀವು ಆ 80 ಪುಟಗಳನ್ನು ಹಾರಿಸಬಾರದಿತ್ತು. ಸಾಯುವವಳ ಸಂಕಟ ಒಂದು ಅಧ್ಯಾಯಕ್ಕೆ ತೀರುತ್ತದೆ. ಬದುಕುಳಿದವನ ಪಾಡು ಶುರುವಾಗುವುದೇ ಆಮೇಲೆ. ಆ ಪ್ರಾಣವನ್ನು ಅವನು ಬೇಡಿರಲಿಲ್ಲ, ಈಗ ಹಿಂದಿರುಗಿಸಲೂ ಆಗದು.

ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ನೋಡಿ. ಕೇಡಿಗೆಲ್ಲ ಮೂಲವಾದ ಉಂಗುರ ಬೆಂಕಿಗೆ ಬಿದ್ದ ಮೇಲೂ 6 ಅಧ್ಯಾಯಗಳಿವೆ. ಆ ಉಂಗುರವನ್ನು ಹೊತ್ತು ನಡೆದ ಫ್ರೋಡೋಗೆ ಇರಿತವಾದದ್ದು ಅಕ್ಟೋಬರ್ 6ರಂದು. ಗೆದ್ದು ಊರಿಗೆ ಮರಳುವಾಗ, ಸರಿಯಾಗಿ ವರ್ಷ ತುಂಬಿದ ದಿನ, ಹೊಳೆ ದಾಟುವಲ್ಲಿ ಅವನ ಹೆಗಲು ಮತ್ತೆ ನೋಯುತ್ತದೆ. ಊರು ಸೇರಿದರೆ ಅಲ್ಲೂ ಮರ ಕಡಿದು, ಮನೆ ಕೆಡವಿ ಹಾಳುಗೆಡವಿದ್ದಾರೆ. ಈ ಅಧ್ಯಾಯವನ್ನೇ 2003ರ ಸಿನಿಮಾ ಕೈಬಿಟ್ಟಿತು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ನಮ್ಮಲ್ಲಿ ಕುಮಾರವ್ಯಾಸ ಮಹಾಭಾರತವನ್ನು 10 ಪರ್ವಕ್ಕೆ ನಿಲ್ಲಿಸಿದ. ಗೆಲುವಿನ ನಂತರದ ಕತೆ ಹೇಳುವ ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ.

ಬಲಿದಾನದ ಕತೆ ಕೆಡುವುದು ಹೆಚ್ಚಾಗಿ ಲೆಕ್ಕ ತಪ್ಪಿದಾಗ. ಮಂತ್ರಕ್ಕೆ ಏನು ತೆರಬೇಕು ಎಂಬುದನ್ನು ಒಳ್ಳೆಯ ಲೇಖಕರು ಮೊದಲ ಸಂಪುಟದಲ್ಲೇ ಹೇಳಿರುತ್ತಾರೆ, ಬಹುಪಾಲು ಯಾವುದೋ ಸಣ್ಣ ಪ್ರಸಂಗದಲ್ಲಿ: ಗಾಯ ಮಾಯಿಸಿದ ಮಾಟಗಾತಿ ತನ್ನ ಒಂದು ನೆನಪು ಕಳೆದುಕೊಳ್ಳುತ್ತಾಳೆ, ಅಷ್ಟೆ. ಕೊನೆಯ ಸಂಪುಟದಲ್ಲಿ ಆ ಬೆಲೆಯನ್ನು ಮನ್ನಾ ಮಾಡಿ ಸತ್ತವಳನ್ನು ಎಬ್ಬಿಸಿ ಕೂರಿಸಿದರೆ ಹಿಂದಿನ ಅಷ್ಟೂ ಕಣ್ಣೀರು ನೀರುಪಾಲು. ಬಲಿಯಾಗುವವಳು ತಾನೇ ಆರಿಸಿಕೊಳ್ಳದೆ, ಬೇರೆ ದಾರಿಯಿಲ್ಲದೆ ಸತ್ತರೂ ಅಷ್ಟೇ. ಅದು ಕೊಲೆಯಾದೀತು, ತ್ಯಾಗವಾಗದು.

ಈಚೆಗೆ ಓದುವುದೆಂದರೆ ಓಟವಾಗಿದೆ. ಅಂತ್ಯವನ್ನು ಯಾರಾದರೂ ಹೇಳಿಬಿಟ್ಟಾರೆಂಬ ಭಯಕ್ಕೆ ರಾತ್ರಿ ಕಳೆಯುವುದರೊಳಗೆ ಮುಗಿಸುತ್ತಾರೆ, ಬೆಳಗಾದರೆ ಅಂಕ ಕೊಡುತ್ತಾರೆ. ಯಾರು ಸತ್ತರು ಎಂಬುದೊಂದೇ ಎಲ್ಲರ ಪ್ರಶ್ನೆ. ಉಳಿದವರು ಹೇಗಿದ್ದಾರೆಂದು ಕೇಳುವವರಿಲ್ಲ! ಅತ್ತು ದಣಿದ ಕಣ್ಣು ಮುಂದೇನಾಯಿತು ಎಂದಷ್ಟೇ ಹುಡುಕುತ್ತದೆ. ಆ ಪುಟಗಳಲ್ಲೋ ಘಟನೆಗಳೇ ಕಡಿಮೆ. ಬಲಿದಾನದ ಅಧ್ಯಾಯಕ್ಕೆ ಪುಸ್ತಕ ಮುಚ್ಚಿ, ಉಳಿದದ್ದನ್ನು ಮರುದಿನಕ್ಕೆ ಇಡಬೇಕಿತ್ತು.

ಈಗಲೂ ತಡವಾಗಿಲ್ಲ. ಹೊಸ ಸರಣಿಗೆ ಕೈಹಾಕುವ ಮುನ್ನ ಮೊದಲ ಸಂಪುಟದಲ್ಲಿ ಅವರಿಬ್ಬರು ಭೇಟಿಯಾಗುವ ಅಧ್ಯಾಯವನ್ನು ಮತ್ತೊಮ್ಮೆ ಓದಿ. ಆಮೇಲೆ ಆ 80 ಪುಟ, ದಿನಕ್ಕೆ 20ರಂತೆ. ಓದಿದ ಮೇಲೆ ಮತ್ತೆ ಬರೆಯಿರಿ, ಪತ್ರಕ್ಕೆ ಜಾಗ ಇಟ್ಟಿರುತ್ತೇನೆ.