ಬೀಚಿಗೆ ಹೋಗುವ ದಾರಿ ಯಾರದ್ದು? ಗೋವಾ ಓದುಗರ ಪ್ರಶ್ನೆಗಳು

ಈ ಸಲ ಮನೆ ಬಾಡಿಗೆ, ರೇಷನ್ ಕಾರ್ಡು, ಮಕ್ಕಳ ಶಾಲೆ ಎಲ್ಲವನ್ನೂ ಪಕ್ಕಕ್ಕೆ ಇಟ್ಟಿದ್ದೇನೆ. ಗೋವಾದ ಕನ್ನಡಿಗರಿಂದ ಬಂದ ಪತ್ರಗಳೆಲ್ಲ ಸಮುದ್ರದ ದಂಡೆಯ ಕಡೆಗೇ ತಿರುಗಿವೆ. ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಬರೆದಿದ್ದಾರೆ, ಹಾಕಿಲ್ಲ.

ಮಾಪ್ಸಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೇನೆ, ಊರು ಬಾಗಲಕೋಟೆ ಕಡೆ. ಮೊದಲೆಲ್ಲ ಭಾನುವಾರ ಮಕ್ಕಳನ್ನು ಕರೆದುಕೊಂಡು ಮೊರ್ಜಿಂಗೆ ಹೋದರೆ ತೆಂಗಿನ ತೋಟ, ದೋಣಿ, ಅದರಾಚೆ ಸಮುದ್ರ, ಅಷ್ಟೇ. ಈಗ ಅಶ್ವೆ, ಮಾಂದ್ರೆ, ಎಲ್ಲಿ ನೋಡಿದರೂ ಕಾಂಪೌಂಡ್ ಗೋಡೆ. ಸಮುದ್ರದಿಂದ 500 ಮೀಟರ್ ಒಳಗೆ ಏನೂ ಕಟ್ಟಬಾರದು ಅಂತ ಕಾನೂನು ಇದೆ ಅಲ್ವಾ?

ಅಣ್ಣಾ, ಹೀಗೆ ನಂಬಿದವರು ಬಹಳ ಜನ ಇದ್ದಾರೆ. ಆದರೆ ಕಾನೂನಿನಲ್ಲಿ ಹಾಗಿಲ್ಲ.

500 ಮೀಟರ್ ಮಾತು ಶುರುವಾಗಿದ್ದು 1981ರಲ್ಲಿ. ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ದಂಡೆಯನ್ನು ಖಾಲಿ ಬಿಡಿ ಎಂದರು. ಪತ್ರ ಪತ್ರವೇ, ಕಾನೂನಲ್ಲ. ಅಷ್ಟರಲ್ಲಾಗಲೇ ಅಗ್ವಾದ ಕೋಟೆಯ ಬುಡದಲ್ಲಿ 1974ರ ಹೊತ್ತಿಗೇ ದೊಡ್ಡ ಹೋಟೆಲ್ ಎದ್ದಿತ್ತು. ತಮಾಷೆ ನೋಡಿ, ಪತ್ರ ಬರೆದ ಎರಡು ವರ್ಷಕ್ಕೆ ಅದೇ ಪ್ರಧಾನಿ ಕಾಮನ್‌ವೆಲ್ತ್ ದೇಶಗಳ ನಾಯಕರನ್ನು ವಿಶ್ರಾಂತಿಗೆ ಕರೆತಂದಿದ್ದು ಇದೇ ದಂಡೆಗೆ. ಗೋವಾದ ಬೀಚಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ನಿಜವಾದ ನಿಯಮ ಬಂದಿದ್ದು 1991ರ ಫೆಬ್ರುವರಿಯಲ್ಲಿ, ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯ ಎಂಬ ಹೆಸರಲ್ಲಿ. ಅದರ ಪ್ರಕಾರ 500 ಮೀಟರ್ ಅಂದರೆ ನಿಯಂತ್ರಣದ ಪಟ್ಟಿ, ಪೂರ್ತಿ ನಿಷೇಧದ ಪಟ್ಟಿ ಅಲ್ಲ. ಹಳ್ಳಿ ಕಡೆಯ ದಂಡೆಯಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ. 200ರಿಂದ 500ರ ನಡುವೆ ಅನುಮತಿ ಪಡೆದು ಹೋಟೆಲ್ ಕಟ್ಟಬಹುದು, ಎತ್ತರ 9 ಮೀಟರ್ ದಾಟಬಾರದು. 2011ರಲ್ಲಿ ನಿಯಮ ಬದಲಾಯಿತು, ಗೋವಾಕ್ಕೆಂದೇ ಬೇರೆ ಭಾಗ ಸೇರಿತು. 2019ರಲ್ಲಿ ಇನ್ನೊಮ್ಮೆ ಬದಲಾಗಿ, ಜನ ದಟ್ಟವಾಗಿರುವ ಹಳ್ಳಿಗಳಿಗೆ, ಅಂದರೆ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವಲ್ಲಿ, ಆ 200 ಮೀಟರನ್ನು 50ಕ್ಕೆ ಇಳಿಸಿದರು. ಉಳಿದ ಹಳ್ಳಿಗಳಲ್ಲಿ 200 ಹಾಗೇ ಇದೆ.

ಇದರ ಮೇಲೆ ಹಳೇ ಮನೆಯ ದಾರಿಯೊಂದಿದೆ. 1991ಕ್ಕೂ ಮೊದಲಿದ್ದ ಮನೆಯನ್ನು ರಿಪೇರಿ ಮಾಡಲು ಅವಕಾಶ ಉಂಟು. ಅದು ಮೀನುಗಾರರ ಅನುಕೂಲಕ್ಕೆ ಇಟ್ಟಿದ್ದು. ಆದರೆ ಮೀನುಗಾರನ ಹಂಚಿನ ಮನೆಯನ್ನು ಕೊಂಡು, ರಿಪೇರಿ ಮಾಡುತ್ತಾ ಮಾಡುತ್ತಾ ಅದಕ್ಕೆ ಈಜುಕೊಳ ಹುಟ್ಟಿದರೆ ಏನನ್ನಬೇಕು? ಸೆಪ್ಟೆಂಬರಿನಿಂದ ಮೇವರೆಗೆ ಮಾತ್ರ ಇರಬೇಕಾದ ತಾತ್ಕಾಲಿಕ ಶ್ಯಾಕಿನ, ಅಂದರೆ ಬೀಚಿನ ಗುಡಿಸಲು ಹೋಟೆಲಿನ ಕೆಳಗೆ ಕಾಂಕ್ರೀಟ್ ಸಿಕ್ಕರೆ ಅದೂ ಅದೇ ಕಥೆ.

ಮೊರ್ಜಿಂ, ಮಾಂದ್ರೆ ಇರುವ ಪೆಡ್ಣೆ ತಾಲೂಕು ಇಷ್ಟು ಬೇಗ ತುಂಬುತ್ತಿರುವುದಕ್ಕೆ ಇನ್ನೊಂದು ಕಾರಣ ನಿಮಗೇ ಗೊತ್ತು. 2023ರ ಜನವರಿಯಿಂದ ಮೋಪಾದಲ್ಲಿ ವಿಮಾನ ಇಳಿಯುತ್ತಿದೆ. ಕಲಂಗುಟ್, ಬಾಗಾ ತುಂಬಿ ತುಳುಕಿದ ಮೇಲೆ ಹಣ ಉತ್ತರಕ್ಕೆ ನಡೆಯಲೇಬೇಕಿತ್ತು, ವಿಮಾನ ನಿಲ್ದಾಣ ಅದಕ್ಕೆ ಕಾಲು ಕೊಟ್ಟಿತು.

ನಾನು ಕೊಪ್ಪಳ ಜಿಲ್ಲೆಯವನು, ಗೌಂಡಿ ಕೆಲಸ. ಹೊಸ ರಿಸಾರ್ಟ್ ಸೈಟಿನಲ್ಲಿ ಸಮುದ್ರದ ಬದಿಯ ಉಸುಕಿನ ದಿನ್ನೆಗಳನ್ನು ರಾತ್ರಿ ಹೊತ್ತು ಜೆಸಿಬಿಯಿಂದ ಸಪಾಟು ಮಾಡಿಸುತ್ತಿದ್ದಾರೆ. ಬೆಳಿಗ್ಗೆ ನಾವು ಹೋಗಿ ಬಳ್ಳಿ ಕಿತ್ತು ಸ್ವಚ್ಛ ಮಾಡಬೇಕು. ಮುಕಾದಮ "ಬರೀ ಉಸುಕು ಅಲ್ಲವೇನೋ" ಅನ್ನುತ್ತಾನೆ. ಇದು ತಪ್ಪಾ? ತಪ್ಪಾದರೆ ನಮ್ಮ ಮೇಲೆ ಬರುತ್ತದಾ?

ತಪ್ಪು ತಮ್ಮಾ, ದೊಡ್ಡ ತಪ್ಪು. ಈ ಸಲ ಬಂದ ಪತ್ರಗಳಲ್ಲಿ ನನ್ನನ್ನು ಜಾಸ್ತಿ ಹೊತ್ತು ಕೂರಿಸಿದ್ದು ನಿನ್ನ ಪತ್ರವೇ.

ನಿಮ್ಮ ಕಡೆ ಕಾಳು ತುಂಬಿಡುವ ಹಗೇವು ಇತ್ತಲ್ಲ, ದಿನ್ನೆ ಸಮುದ್ರಕ್ಕೆ ಹಾಗೆ. ಮಳೆಗಾಲದಲ್ಲಿ ದೊಡ್ಡ ಅಲೆ ಬಂದು ದಿನ್ನೆಯ ಉಸುಕನ್ನು ಎಳೆದುಕೊಂಡು ಹೋಗುತ್ತದೆ. ಅಲೆಯ ಸಿಟ್ಟು ಅಲ್ಲೇ ಇಳಿಯುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದೇ ಉಸುಕನ್ನು ದಂಡೆಗೆ ತಂದು ಹಾಕುತ್ತವೆ, ಗಾಳಿ ಅದನ್ನು ಮೇಲಕ್ಕೆ ಒಯ್ಯುತ್ತದೆ, ಬಳ್ಳಿ ಹಿಡಿದಿಡುತ್ತದೆ. ನೀನು ಕೀಳುತ್ತಿರುವ ನೇರಳೆ ಹೂವಿನ ಬಳ್ಳಿ ಅಡುಂಬು ಇರಬೇಕು. ಮುಳ್ಳುಮುಳ್ಳಾಗಿ ಚೆಂಡಿನಂತೆ ಉರುಳುವ ತೆನೆಯ ಹುಲ್ಲಿದ್ದರೆ ಅದು ರಾವಣನ ಮೀಸೆ. ಅವೆರಡೂ ಕಸ ಅಲ್ಲ. ಅವು ಹೋದರೆ ಉಸುಕು ನಿಲ್ಲುವುದಿಲ್ಲ, ಗಾಳಿ ಬಂದಾಗಲೆಲ್ಲ ಊರೊಳಗೆ ಹಾರುತ್ತದೆ.

ದಿನ್ನೆ ಇಲ್ಲದ ಮೇಲೆ ಮಳೆಗಾಲದಲ್ಲಿ ಸಮುದ್ರ ನೇರ ರಿಸಾರ್ಟಿನ ಹುಲ್ಲುಹಾಸಿಗೆ ಬರುತ್ತದೆ. ಆಗ ಮಾಲೀಕ ಕಲ್ಲು ತಂದು ಒಡ್ಡು ಹಾಕುತ್ತಾನೆ. ಒಡ್ಡಿಗೆ ಬಡಿದು ವಾಪಸು ಬರುವ ಅಲೆ ಎದುರಿನ ಉಸುಕನ್ನೂ ಕೆರೆದುಕೊಂಡು ಹೋಗುತ್ತದೆ. ಅಲ್ಲಿಗೆ ಬೀಚೇ ಮುಗಿಯಿತು, ಪಕ್ಕದ ಮನೆಯವನ ಬೀಚೂ ಸಣ್ಣದಾಯಿತು. ಮಳೆನೀರು ದಿನ್ನೆಯಲ್ಲಿ ಇಂಗಿ ಕೆಳಗೆ ಸಿಹಿನೀರಾಗಿ ನಿಲ್ಲುತ್ತದೆ, ಸುತ್ತಲಿನ ಬಾವಿಗಳಿಗೆ ಅದೇ ಆಸರೆ. ಅದನ್ನು ತೆಗೆದು, ಮೇಲಿಂದ ಬೋರ್ ಹಾಕಿ ಎಳೆದರೆ ಉಪ್ಪುನೀರು ಒಳಕ್ಕೆ ಬರುತ್ತದೆ.

ಆದ್ದರಿಂದಲೇ ದಿನ್ನೆ ಮುಟ್ಟಬಾರದು ಎಂದು 1991ರ ನಿಯಮದಲ್ಲೇ ಇದೆ. ಅಂದಚಂದಕ್ಕೆಂದು, ಆಟಕ್ಕೆಂದು ಸಹ ದಿನ್ನೆ ಸಮತಟ್ಟು ಮಾಡುವಂತಿಲ್ಲ. ಆಮೇಲಿನ ನಿಯಮಗಳಲ್ಲಿ ದಿನ್ನೆಗಳನ್ನು ಎಲ್ಲಕ್ಕಿಂತ ಸೂಕ್ಷ್ಮವಾದ ಮೊದಲ ವಲಯಕ್ಕೆ ಸೇರಿಸಿದ್ದಾರೆ. ಲೈಸೆನ್ಸ್ ಪಕ್ಕಾ ಇದ್ದವನು ರಾತ್ರಿ ಜೆಸಿಬಿ ಓಡಿಸುವುದಿಲ್ಲ, ಇದು ನಿನಗೂ ಗೊತ್ತು.

ನಿನ್ನ ಮೇಲೆ ಬರುತ್ತದಾ ಎಂದರೆ, ಹೊಣೆ ಮಾಲೀಕನದು. ಆದರೆ ತಪಾಸಣೆಗೆ ಬಂದವರ ಕೈಗೆ ಸಿಗುವುದು ಸೈಟಿನಲ್ಲಿ ನಿಂತವರು. ಅದಕ್ಕೇ ಪಗಾರದ ಮೆಸೇಜು, ಮುಕಾದಮನ ಧ್ವನಿಸಂದೇಶ, ಯಾವುದನ್ನೂ ಅಳಿಸಬೇಡ. ದಿನಾಂಕ ಇರುವ ಫೋಟೋ ಇದ್ದರೆ ಪಣಜಿಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ದೂರು ಹೋಗಬಹುದು. ನೀನೇ ಕೊಡಬೇಕಿಲ್ಲ, ಊರಿನ ಮೀನುಗಾರರ ಸಂಘ ಕೊಡಬಹುದು. ಮಾಪ್ಸಾದಲ್ಲಿ 1986ರಿಂದ ಇಂಥ ಕೇಸು ನಡೆಸುತ್ತಾ ಬಂದಿರುವ ಗೋವಾ ಫೌಂಡೇಶನ್ ಎಂಬ ಸಂಸ್ಥೆ ಇದೆ. ಕೆಲಸ ಬಿಡು ಎಂದು ನಾನು ಹೇಳಲಾರೆ, ನಿನ್ನ ಮನೆಯ ಒಲೆ ನನಗೆ ಕಾಣುವುದಿಲ್ಲ. ಅಂದಹಾಗೆ, ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಬರೆಸಿದ್ದೀಯಾ?

ಮಡಗಾಂವದಲ್ಲಿದ್ದೇವೆ. ಮದುವೆಯಾಗಿ ಬಂದಾಗಿನಿಂದ ಒಂದು ಸಣ್ಣ ಬೀಚಿಗೆ ಹೋಗುತ್ತಿದ್ದೆವು. ಈ ವರ್ಷ ಆ ದಾರಿಗೆ ಗೇಟ್ ಬಿದ್ದಿದೆ. ವಾಚ್‌ಮನ್ ನಮ್ಮ ಗದಗ ಕಡೆಯವನೇ, "ಅಕ್ಕಾ, ರೂಮು ಮಾಡಿದವರಿಗೆ ಮಾತ್ರ" ಅಂದ. ಪಾಪ, ಅವನಿಗೇ ನಾಚಿಕೆ. ಬೀಚು ಹಾಗೆ ಖಾಸಗಿ ಆಗುತ್ತದಾ?

ಆಗುವುದಿಲ್ಲ ಅಕ್ಕಾ. ಬೀಚು ಯಾವ ರಿಸಾರ್ಟಿನ ಆಸ್ತಿಯೂ ಅಲ್ಲ. ಬೀಚ್ ರಿಸಾರ್ಟುಗಳಿಗೆ ಹಾಕಿದ ಷರತ್ತಿನಲ್ಲಿ ಎರಡು ಹೋಟೆಲುಗಳ ನಡುವೆ ಜನ ಓಡಾಡಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು ಎಂದಿತ್ತು. ಎಷ್ಟು ಕಡೆ ಕಂಡಿದ್ದೀರಿ? ನಾನಂತೂ ಕಂಡಿದ್ದು ಕಡಿಮೆ.

ನಿಮ್ಮ ಗೇಟಿನಂಥದ್ದೇ ಒಂದು ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ದೋನಾ ಪಾವ್ಲಾ ಹತ್ತಿರದ ವೈಂಗಿಣಿ ಬೀಚು. ಹೋಟೆಲಿಗೆಂದು ಸರ್ಕಾರವೇ ಜಾಗ ವಶಪಡಿಸಿಕೊಂಡು ಕೊಟ್ಟಿತ್ತು. ಜನರ ದಾರಿ ಮುಚ್ಚಬಾರದು ಎಂದು ಒಪ್ಪಂದದಲ್ಲೇ ಇತ್ತು. ಆಮೇಲೆ ಆ ದಾರಿಯ ಜಾಗದಲ್ಲೇ ಕಟ್ಟಡ ವಿಸ್ತರಿಸಿದರು. ಸ್ಥಳೀಯರು ಕೋರ್ಟಿಗೆ ಹೋದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜನರ ಪರ ನಿಂತು, ಇಂಥ ಸಂಪತ್ತನ್ನು ಸರ್ಕಾರ ಜನರ ಪರವಾಗಿ ಕಾಯಬೇಕು, ಬೀಚಿನ ದಾರಿ ಜನರ ಹಕ್ಕು ಎಂದಿತು. ಅದೇ ವರ್ಷ ಗೋವಾ ಸರ್ಕಾರ ಕಾನೂನಿಗೇ ತಿದ್ದುಪಡಿ ತಂದು ಆ ಕಟ್ಟಡವನ್ನು ಉಳಿಸಿಕೊಟ್ಟಿತು! ಕಟ್ಟಡ ಉಳಿಯಿತು ನಿಜ, ಆದರೆ ದಾರಿ ಜನರದ್ದು ಎಂಬ ಮಾತು ತೀರ್ಪಿನಲ್ಲಿದೆ, ಅದನ್ನು ಹಿಡಿದುಕೊಳ್ಳಿ.

ಹಳೇ ಸರ್ವೆ ನಕ್ಷೆಯಲ್ಲಿ ಆ ಕಾಲುದಾರಿ ಇದೆಯಾ ನೋಡಿಸಿ. ಗೇಟಿಗೆ ಅನುಮತಿ ಕೊಟ್ಟವರು ಯಾರು ಎಂದು ಪಂಚಾಯತಿಗೆ ಆರ್‌ಟಿಐ ಹಾಕಿ. ಬಹಳ ಕಾಯಬೇಡಿ. ಪರಿಸರದ ವಿಷಯ ಹಸಿರು ನ್ಯಾಯಮಂಡಳಿಗೆ ಒಯ್ಯುವುದಾದರೆ ಆರು ತಿಂಗಳ ಗಡುವು ಇರುತ್ತದೆ. ಗೋವಾದ ಕೇಸುಗಳು ನಡೆಯುವುದು ಪುಣೆಯ ಪೀಠದಲ್ಲಿ. ವಾಚ್‌ಮನ್ ಜೊತೆ ಜಗಳ ಮಾತ್ರ ಬೇಡ.

ಆಮೆಗೋಸ್ಕರ ರಿಸಾರ್ಟಿನ ಲೈಟ್ ಆರಿಸಬೇಕಾ? ಇದು ಸ್ವಲ್ಪ ಅತಿ ಅನ್ನಿಸುವುದಿಲ್ವಾ? (ವಾಸ್ಕೋ)

ಇಲ್ಲ. ಮೊಟ್ಟೆಯೊಡೆದ ಮರಿ ರಾತ್ರಿ ಬೆಳಕಿದ್ದ ಕಡೆ ಹರಿದಾಡುತ್ತದೆ. ಮೊದಲು ಆ ಬೆಳಕು ಸಮುದ್ರದ ಮೇಲಿತ್ತು, ಈಗ ಡಿಜೆ ಪಾರ್ಟಿಯ ಮೇಲಿದೆ. ಮೊರ್ಜಿಂ, ಮಾಂದ್ರೆ, ಅಗೋಂದಾ, ಗಾಲ್ಜಿಬಾಗ, ಈ ನಾಲ್ಕು ದಂಡೆಗಳನ್ನು ಆಮೆ ಮೊಟ್ಟೆಯಿಡುವ ಜಾಗಗಳೆಂದು 2011ರ ನಿಯಮವೇ ಹೆಸರಿಸಿದೆ. ಆಮೆ ಬರುವ ಕಾಲವೂ ಪ್ರವಾಸಿಗಳು ಬರುವ ಕಾಲವೂ ಒಂದೇ ಆಗಿದ್ದು ಅದರ ದುರದೃಷ್ಟ.

"ನೀವು ಘಾಟಿಗಳು ಬಂದು ಗೋವಾ ಹಾಳು ಮಾಡಿದಿರಿ" ಎಂದು ನೆರೆಯವರು ಮುಖಕ್ಕೇ ಹೇಳುತ್ತಾರೆ, ಘಾಟಿ ಅಂದರೆ ಘಟ್ಟದಾಚೆಯವರು ಎಂಬ ಹೀಯಾಳಿಕೆ. ನಮ್ಮಪ್ಪ ಇಲ್ಲಿ ಸೆಂಟ್ರಿಂಗ್ ಕೆಲಸ ಮಾಡಿಯೇ ನನ್ನನ್ನು ಓದಿಸಿದ್ದು. ಏನು ಉತ್ತರ ಕೊಡಲಿ? (ಝುವಾರಿನಗರ)

ಜಾಗದ ವಲಯ ಬದಲಿಸುವುದು ಗೌಂಡಿಯಲ್ಲ. ಅದಕ್ಕೆ ಬೇಕಾದ ಸಹಿ ನಿಮ್ಮಪ್ಪನ ಕೈಯಲ್ಲಿ ಯಾವತ್ತೂ ಇರಲಿಲ್ಲ. ದಂಡೆಯಿಂದ ಎಬ್ಬಿಸುವ ಸರದಿ ಬಂದಾಗ ಮಾತ್ರ ನಮ್ಮವರು ಮೊದಲು ಕಾಣುತ್ತಾರೆ. 2004ರಲ್ಲಿ ಬೈನಾ ಬೀಚಿನ ಮನೆಗಳ ಮೇಲೆ ಬುಲ್ಡೋಜರ್ ಹರಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಎಷ್ಟಿದ್ದರು ಎಂದು ನಿಮ್ಮ ಹಿರಿಯರನ್ನೇ ಕೇಳಿ. ಅದು ಮಳೆಗಾಲದ ಜೂನ್ ತಿಂಗಳು ಬೇರೆ.

ಆದರೂ ನೆರೆಯವರ ಸಿಟ್ಟನ್ನು ಪೂರ್ತಿ ತಳ್ಳಿಹಾಕಬೇಡಿ. 1970ರ ದಶಕದಲ್ಲಿ ಯಾಂತ್ರಿಕ ಟ್ರಾಲರುಗಳ ವಿರುದ್ಧ ರಂಪಣಿ ಬಲೆಯ ಸಾಂಪ್ರದಾಯಿಕ ಮೀನುಗಾರರು ತಮ್ಮ ನಾಯಕ ಮಥಾನಿ ಸಾಲ್ಡಾನಾ ಅವರ ಜೊತೆ ಬೀದಿಗಿಳಿದಿದ್ದರು. 1980ರ ದಶಕದ ಕೊನೆಗೆ ಚಾರ್ಟರ್ ವಿಮಾನದಲ್ಲಿ ಬಂದ ಪ್ರವಾಸಿಗಳಿಗೆ ಸೆಗಣಿ ಎಸೆದ ಗೋವೆಯವರೂ ಇದ್ದರು. ಅಂದರೆ ಈ ಜಗಳ ನಾವು ಬಂದ ಮೇಲೆ ಹುಟ್ಟಿದ್ದಲ್ಲ, ಅವರ ದಂಡೆ ಅವರ ಕೈಬಿಟ್ಟು ಹೋಗುತ್ತಿರುವ ನೋವು ಅದು. ನಮ್ಮವರಲ್ಲೂ ಜೆಸಿಬಿ ಬಾಡಿಗೆಗೆ ಕೊಟ್ಟು, ಜಾಗದ ದಲ್ಲಾಳಿಯಾಗಿ ಚೆನ್ನಾಗಿ ಗಳಿಸಿದವರಿದ್ದಾರೆ, ಸುಮ್ನೆ ಯಾಕೆ ಮುಚ್ಚಿಡುವುದು?

ನಿಮ್ಮ ಹೆಸರು ಅಲ್ಲಿಯ ಪಂಚಾಯತಿಯ ಮತದಾರರ ಪಟ್ಟಿಯಲ್ಲಿದ್ದರೆ ಗ್ರಾಮಸಭೆಯಲ್ಲಿ ನಿಮಗೂ ಕುರ್ಚಿ ಇದೆ. ಹೋಗಿ ಕೂರಿ. ಕೊಂಕಣಿಯಲ್ಲಿ ಎರಡು ಮಾತಾಡಿ. ರಿಸಾರ್ಟಿನ ಲೈಸೆನ್ಸ್ ಚರ್ಚೆಗೆ ಬಂದಾಗ ನೆರೆಯವರ ಜೊತೆ ಕೈ ಎತ್ತಿದರೆ ಘಾಟಿ ಎಂಬ ಮಾತು ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ, ಮುಖಕ್ಕೆ ಹೇಳುವವರು ಕಡಿಮೆಯಾದಾರು.

ಪುಣೆಯಲ್ಲಿ ಐಟಿ ಕೆಲಸ. ಹರಮಲ ಹತ್ತಿರ ಸಮುದ್ರ ಕಾಣುವ ವಿಲ್ಲಾ, ಬಾಡಿಗೆಗೆ ಬಿಟ್ಟರೆ ಸಾಲದ ಕಂತು ತಾನೇ ತೀರುತ್ತದೆ ಅನ್ನುತ್ತಾರೆ. ಕೊಳ್ಳಲಾ?

ಇಷ್ಟೆಲ್ಲ ಬರೆದ ಮೇಲೆ ನನ್ನನ್ನೇ ಕೇಳುತ್ತೀರಲ್ಲ!

ಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ. ಕೊಂಡೇ ತೀರುತ್ತೇನೆ ಎಂದರೆ ಬ್ರೋಷರ್ ಪಕ್ಕಕ್ಕಿಟ್ಟು ಕಾಗದ ಕೇಳಿ. ಜಾಗದ ಒಂದು ಮತ್ತು ಹದಿನಾಲ್ಕನೇ ಫಾರ್ಮು, ಕೃಷಿಯಿಂದ ಬದಲಾಯಿಸಿದ ಸನದು, ನಗರ ಯೋಜನೆ ಇಲಾಖೆಯ ವಲಯ ಪ್ರಮಾಣಪತ್ರ, ಕರಾವಳಿ ನಕ್ಷೆಯಲ್ಲಿ ಆ ಸರ್ವೆ ನಂಬರ್ ಎಲ್ಲಿ ಬೀಳುತ್ತದೆ ಎಂಬ ಗುರುತು. ವಲಯ ಈಚೆಗೆ ಬದಲಾಗಿದ್ದರೆ ಗೋವಾದ ನಗರ ಯೋಜನೆ ಕಾಯ್ದೆಯ ಯಾವ ಕಲಮಿನ ಕೆಳಗೆ ಎಂದು ಕೇಳಿ. 17(2) ಅಥವಾ 39ಎ ಎಂದರೆ ನಿಮ್ಮದೇ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ, ಆ ಎರಡೂ ಹೈಕೋರ್ಟಿನ ಮೆಟ್ಟಿಲು ಹತ್ತಿದ ಕಲಮುಗಳು.

ಕಟ್ಟಿದ ಮೇಲೆ ಯಾರು ಕೆಡವುತ್ತಾರೆ ಎಂದು ದಲ್ಲಾಳಿ ನಗಬಹುದು. ಕೇರಳದ ಮರಡುವಿನಲ್ಲಿ ಸಿಆರ್‌ಜೆಡ್ ಮೀರಿ ಕಟ್ಟಿದ ಬಹುಮಹಡಿ ಫ್ಲ್ಯಾಟುಗಳನ್ನು 2020ರ ಜನವರಿಯಲ್ಲಿ ಮದ್ದಿಟ್ಟು ಉರುಳಿಸಿದರು. ಅಲ್ಲಿ ಮನೆ ಕೊಂಡವರೂ ಎಲ್ಲ ಅನುಮತಿ ಇದೆ ಎಂದೇ ನಂಬಿದ್ದರು. ಇನ್ನೊಂದು, ಜಾಗ ನೋಡಲು ಡಿಸೆಂಬರಿನಲ್ಲಿ ಹೋಗಬೇಡಿ, ಜುಲೈನಲ್ಲಿ ಹುಣ್ಣಿಮೆಯ ಉಬ್ಬರದ ಹೊತ್ತಿಗೆ ಹೋಗಿ. ನೀರಿಗೆ ಟ್ಯಾಂಕರ್ ಎಲ್ಲಿಂದ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ, ದಲ್ಲಾಳಿಯನ್ನಲ್ಲ.